ಬಿಳಿ ಅಂಚು

ಕಂಠಪ್ಪನ ತಲೆನೋವಿಗೆಲ್ಲ ಮೂಲ ಅರ್ಧ ಬೆರಳಗಲದ ಒಂದು ಬಿಳಿ ಅಂಚು. ಅಂಚೆಯವನಾಗಿದ್ದ ತಾತ ಬಿಟ್ಟುಹೋದ ನಾಲ್ಕು ಹಳೆಯ ಸ್ಟಾಂಪುಗಳು ಹರಿಯದೆ ಒಟ್ಟಿಗೇ ಇದ್ದವು. ಪಕ್ಕದ ಅಂಚಿನಲ್ಲಿ ಅಚ್ಚಿನ ಪ್ಲೇಟಿನ ನಂಬರೂ ಇತ್ತು. ಇಂಥದ್ದಕ್ಕೆ ಪ್ಲೇಟ್ ಬ್ಲಾಕ್ ಅನ್ನುತ್ತಾರೆ; ಸ್ಟಾಂಪು, ಅಂಚು ಬೇರೆಯಾದರೆ ಎರಡಕ್ಕೂ ಬೆಲೆಯಿಲ್ಲ. ಮುಂದಿನ ತಿಂಗಳು ಮೈಸೂರಿನ ಸ್ಟಾಂಪ್ ಪ್ರದರ್ಶನದಲ್ಲಿ ಅದನ್ನಿಟ್ಟು, ತನ್ನನ್ನು 'ಸ್ಟಾಂಪ್ ಕಂಠ' ಎಂದು ಆಡಿಕೊಳ್ಳುವ ತನ್ನೂರು ಹಾರನಹಳ್ಳಿಯ ಬಾಯಿ ಮುಚ್ಚಿಸಬೇಕೆಂಬುದು ಅವನ ಆಸೆ.

ಬೆಳಿಗ್ಗೆಯೇ ಪಕ್ಕದ ಮನೆಯ ದೊಡ್ಡಬೀರಯ್ಯ ಜಗಲಿಗೆ ಬಂದು ಇಣುಕಿದ. "ಈ ಪಟ್ಟಿ ಯಾಕ್ಲಾ? ಇಂದೆ ಗೋಂದು ಐತಲ್ಲ, ಕಿತ್ತು ಕೊಡು. ನನ್ ನೋಟು ಅರ್ದೋಗದೆ, ಅಂಟುಸ್ಕತೀನಿ."

"ಮುಟ್ಬ್ಯಾಡ! ಇಂದ್ಲೋರೂ ನಿನ್ನಂಗೇ ಅಂಚು ಕಿತ್ತು ಬಿಸಾಕುದ್ರು ಕಣ್ಲಾ. ನಂಬರ್ ಬೆಲೆ ಗೊತ್ತಾಗೋ ಒತ್ಗೆ ಅಂಚೇ ಉಳೀನಿಲ್ಲ. ಸ್ಟಾಂಪು ಎಲ್ಲಾ ಕಡೆ ಸಿಕ್ತದೆ, ಅಂಚು ಸಿಕ್ಕಕಿಲ್ಲ!"

ಅದಕ್ಕೆ ಫ್ರೇಮ್ ಹಾಕಿಸಲು ಹೊರಟರೆ, ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕ ಕೂತವನಿಗೆ ಹೊಗೆಸೊಪ್ಪಿನ ರೇಟು ಗುರುತು ಹಾಕಿಕೊಳ್ಳಲು ಆ ಬಿಳಿ ಜಾಗವೇ ಬೇಕಾಯಿತು. ಕಂಠಪ್ಪ ಪೆನ್ನು ಕಿತ್ತುಕೊಂಡು ಮತ್ತೆ ಅದೇ ಪಾಠ ಒಪ್ಪಿಸಿದ. ಫ್ರೇಮ್ ಅಂಗಡಿಯ ಚೇತನ್‌ಕುಮಾರ್ ಅಂತೂ, "ಬಿಳೀದು ಕಟ್ ಮಾಡಿದ್ರೆ ನೀಟಾಗ್ ಕಾಣ್ತದೆ ಸಾ" ಎಂದು ಬ್ಲೇಡನ್ನೇ ತೆಗೆದ. ಫ್ರೇಮೂ ಬೇಡ, ನೀನೂ ಬೇಡ ಎಂದು ಕಂಠಪ್ಪ ಊರಿಗೆ ಓಡಿಬಂದ.

ಪಾಠ ಹೇಳಿ ಹೇಳಿ ಮನೆಗೆ ಬರುವಷ್ಟರಲ್ಲಿ ದನಿ ಬಿದ್ದುಹೋಗಿತ್ತು. ಆದರೂ ಹೆಂಡತಿ ಸುನಂದಮ್ಮನಿಗೆ, "ಸ್ಟಾಂಪು ಎಲ್ಲಾ ಕಡೆ ಸಿಕ್ತದೆ. ಮನೆಗೆ ಬೆಂಕಿ ಬಿದ್ರೂ ಮೊದ್ಲು ಆ ಅಂಚು ಉಳ್ಸು!" ಎಂದು ಹೇಳಿ, ಅದನ್ನಿಟ್ಟಿದ್ದ ಆಲ್ಬಂ ಅವಳ ಕೈಗೆ ಕೊಟ್ಟು ಚಾಪೆಯ ಮೇಲೆ ಉರುಳಿಕೊಂಡ.

ಎದ್ದು ಆಲ್ಬಂ ತೆರೆದರೆ, ಅಂಚು ಮಾತ್ರ ಇತ್ತು. ಕತ್ತರಿಯಲ್ಲಿ ನೆಟ್ಟಗೆ ಕತ್ತರಿಸಿ ಇಟ್ಟಿತ್ತು.

"ಸ್ಟಾಂಪೆಲ್ಲೇ?"

"ಪ್ರದರ್ಸನಕ್ಕೆ ಎಸ್ರು ಕೊಡೋ ಕಾಗ್ದ ಅಂಗೇ ಬುಟ್ಟಿದ್ರಲ್ಲ, ಇವತ್ತಾದ್ರೂ ಓಗ್ಲಿ ಅಂತ ಅಂಟ್ಸಿ ಡಬ್ಬಕ್ಕಾಕ್ದೆ. ಗೋಂದು ಇಡೀನಿಲ್ಲ, ಅನ್ನದ ಅಗಳು ಅಚ್ದೆ. ಅಂಚು ಜ್ವಾಪಾನವಾಗಿ ಮಡಗಿವ್ನಿ ನೋಡಿ, ಒಂಚೂರೂ ಮುಕ್ಕಾಗಿಲ್ಲ."

ಕಂಠಪ್ಪ ಅಂಚು ಹಿಡಿದುಕೊಂಡೇ ಅಂಚೆ ಡಬ್ಬದ ಬಳಿಗೆ ಓಡಿದ. ಅಂಚೆಯ ಗೋವಿಂದಯ್ಯ ಆಗಲೇ ಕಾಗದಗಳಿಗೆಲ್ಲ ಮೊಹರು ಕುಟ್ಟಿ ಚೀಲ ಕಳಿಸಿಯಾಗಿತ್ತು. "ನಿಮ್ದಕ್ಕೆ ನಾಕೂ ಸ್ಟಾಂಪಿನ್ ಮ್ಯಾಲೂ ಚೆನ್ನಾಗಿ ವತ್ತಿವ್ನಿ ಕಣ್ರೀ" ಎಂದ.

ಸುಸ್ತಾಗಿ ಜಗಲಿಯಲ್ಲಿ ಕುಸಿದರೆ ಎದುರಿಗೆ ದೊಡ್ಡಬೀರಯ್ಯ, ಅದೇ ಹರಿದ ನೋಟು. "ಈಗ್ಲಾದ್ರೂ ಆ ಅಂಚು ಕೊಟ್ಟೀಯೇನ್ಲಾ?"

ಕಂಠಪ್ಪ ಕೊಟ್ಟುಬಿಟ್ಟ. ದೊಡ್ಡಬೀರಯ್ಯ ಅದನ್ನು ನೆಕ್ಕಿ ನೋಟಿಗೆ ಒತ್ತಿದ. ಮತ್ತೆ ನೆಕ್ಕಿದ, ಒತ್ತಿದ.

"ಥೂ, ಗೋಂದೂ ಇಲ್ವಲ್ಲೋ ಇದ್ರಲ್ಲಿ! ಇದ್ಕಾ ಬೆಳಿಗ್ಗಿಂದ ಅಂಗೆ ಬಡ್ಕಂಡೆ?"