ಬೀಗರಿಗಾಗಿ ಫುಟ್‌ಬಾಲ್

ಉಮಾನಾಥರು ಜನ್ಮದಲ್ಲಿ ಒಂದೇ ಒಂದು ಅಮೇರಿಕನ್ ಫುಟ್‌ಬಾಲ್ ಪಂದ್ಯ ನೋಡಿದವರಲ್ಲ. ಆದರೂ ಆ ಆಟದ ಪರಮಭಕ್ತ ಎಂಬ ಬಿರುದು ಒಂದು ಮಂಗಳವಾರ ಸಂಜೆ, ಲಂಡನ್ನಿನ ಹೌನ್ಸ್ಲೋದ ಮನೆಯ ಬಾಗಿಲಲ್ಲಿ ಅವರು ಶೂ ಬಿಚ್ಚುತ್ತಿರುವಾಗಲೇ ಪ್ರದಾನವಾಗಿಹೋಯಿತು. ಪ್ರದಾನ ಮಾಡಿದವರು ಧರ್ಮಪತ್ನಿ ಪ್ರಫುಲ್ಲಾ. (ಗಂಡನನ್ನು ಒಂದು ಮಾತು ಕೇಳಿ ನಿರ್ಧರಿಸುವ ಪದ್ಧತಿ ಆ ಮನೆಯಲ್ಲಿ ಮೊದಲಿನಿಂದಲೂ ಇಲ್ಲ.)

"ಬರುವ ಭಾನುವಾರ ಸಂಜೆ ಅವರು ಬರ್ತಾರೆ," ಎಂದರು ಪ್ರಫುಲ್ಲಾ, ಫೋನ್ ಕೆಳಗಿಟ್ಟು. "ನೀವು ಅಮೇರಿಕನ್ ಫುಟ್‌ಬಾಲ್ ನೋಡ್ತೀರಿ ಅಂತ ಹೇಳಿದೆ."

"ನಾನು ಎಂತ ನೋಡುದು?"

"ಫುಟ್‌ಬಾಲ್ ಮಾರಾಯ್ರೆ. ಪ್ರತಿ ವಾರ. ಒಂದೂ ಬಿಡುದಿಲ್ಲ ಅಂತ ಹೇಳಿ ಆಯ್ತು."

ಅವರು ಎಂದರೆ ಪಿನ್ನರ್‌ನ ಡಾಕ್ಟರ್ ಆನಂದತೀರ್ಥ, ಮತ್ತು ಅವರ ಹೆಂಡತಿ ಕಲ್ಯಾಣಿ. ಧಾರವಾಡದವರು. ಅವರ ಮಗ ನಚಿಕೇತನೂ ಉಮಾನಾಥರ ಒಬ್ಬಳೇ ಮಗಳು ಸೃಷ್ಟಿಯೂ ಲೀಡ್ಸ್‌ನಲ್ಲಿ ಕೆಲಸಕ್ಕಿದ್ದು, ಮದುವೆಯಾಗುತ್ತೇವೆಂದು ತಿಂಗಳ ಹಿಂದೆ ಎರಡೂ ಮನೆಗೆ ತಿಳಿಸಿದ್ದರು. ಹಿರಿಯರು ಭೇಟಿಯಾಗಿ ಹೂಂ ಅನ್ನುವುದೊಂದು ಬಾಕಿ. ಆದರೆ ಶನಿವಾರ ಡಾಕ್ಟರರಿಗೆ ಆಸ್ಪತ್ರೆ, ವಾರದ ದಿನ ಉಮಾನಾಥರಿಗೆ ಶಿಫ್ಟು. ಉಳಿದದ್ದು ಭಾನುವಾರ. ಅದಕ್ಕೆ ಕಲ್ಯಾಣಿಯವರು, "ಐತವಾರ ಸಂಜೀ ಮುಂದ ನಮ್ಮನ್ಯಾಗ ಅಮೇರಿಕನ್ ಫುಟ್‌ಬಾಲ್ ನೋಡತೇವ್ರೀ, ಬಿಟ್ಟು ಬರೂದು ಆಗೂದಿಲ್ಲ" ಅಂದಿದ್ದರಂತೆ. ಮದುವೆ ಇಲ್ಲಿಗೇ ನಿಂತುಹೋಗುತ್ತದೆಂದು ಹೆದರಿದ ಪ್ರಫುಲ್ಲಾ, "ಅಯ್ಯೋ, ನಮ್ಮವರಿಗೂ ಅದೇ ಹುಚ್ಚು, ಇಲ್ಲೇ ಬಂದು ನೋಡಿ" ಎಂದುಬಿಟ್ಟಿದ್ದರು.

"ನಮ್ಮ ಟಿವಿಯಲ್ಲಿ ಇಂಟರ್ನೆಟ್ಟಿನ ನಿನ್ನ ಸೀರಿಯಲ್ ಬಿಟ್ಟು ಬೇರೆ ಎಂತ ಬರ್ತದೆ?" ಎಂದರು ಉಮಾನಾಥರು. "ಕೇಬಲ್ ಇಲ್ಲ, ಸ್ಪೋರ್ಟ್ಸ್ ಚಾನೆಲ್ ಇಲ್ಲ."

"ಅದು ನೀವು ನೋಡಿಕೊಳ್ಳಿ. ಎಲ್ಲ ನಾನೇ ಮಾಡ್ಲಿಕ್ಕೆ ಆಗ್ತದಾ?"

ಸೃಷ್ಟಿಗೆ ಫೋನ್ ಮಾಡಿ ನಿಜ ಹೇಳೋಣವೆಂದರೆ ಪ್ರಫುಲ್ಲಾ ಬಿಡಲಿಲ್ಲ. ಅವಳಿಗೆ ತಿಳಿದರೆ ಐದೇ ನಿಮಿಷದಲ್ಲಿ ನಚಿಕೇತನಿಗೆ, ಹತ್ತನೇ ನಿಮಿಷಕ್ಕೆ ಪಿನ್ನರ್‌ಗೆ ಮುಟ್ಟುತ್ತದೆ. ಹೆಣ್ಣಿನ ಅಪ್ಪ ಸುಳ್ಳುಗಾರ ಎಂದಾದರೆ ಮುಂದೆ?

ಆ ರಾತ್ರಿ ಉಮಾನಾಥರಿಗೆ ನಿದ್ದೆ ಬರಲಿಲ್ಲ. ಅವರು ವಿಮಾನದ ಊಟ ಪ್ಯಾಕ್ ಮಾಡುವ ಕಂಪನಿಯ ಸೂಪರ್‌ವೈಸರ್. ಆ ಕಡೆಯವರು ಹೃದಯದ ಡಾಕ್ಟರು. ಅಂಥವರ ಎದುರು ಕೂತು, ಗೊತ್ತಿಲ್ಲದ ಆಟವನ್ನು, ಇಲ್ಲದ ಚಾನೆಲ್‌ನಲ್ಲಿ ನೋಡಬೇಕು!

ಬುಧವಾರ ಸಹೋದ್ಯೋಗಿಯೊಬ್ಬ ದಾರಿ ತೋರಿಸಿದ. ಒಂದು ಉಚಿತ ಚಾನೆಲ್‌ನಲ್ಲಿ ಭಾನುವಾರ ಸಂಜೆ ಆರಕ್ಕೆ ಒಂದು ಪಂದ್ಯ ಬರುತ್ತದೆ, ಚಂದಾ ಬೇಡ, ಒಂದು ಆಂಟೆನಾ ಸಾಕು ಎಂದ. ಉಮಾನಾಥರ ಮುಖ ಅರಳಿತು. "ಟಿವಿ ಲೈಸೆನ್ಸ್ ಇದೆಯಲ್ಲ?" ಎಂದು ಅವನು ಕೇಳಿದ. ಆ ದೇಶದಲ್ಲಿ ಟಿವಿಯಲ್ಲಿ ಲೈವ್ ನೋಡಬೇಕಾದರೆ ದುಡ್ಡು ಕಟ್ಟಿ ಲೈಸೆನ್ಸ್ ಪಡೆಯಲೇಬೇಕು. ಅರಳಿದ ಮುಖ ಮುದುಡಿತು. ನಾವು ಲೈವ್ ಏನೂ ನೋಡುವುದಿಲ್ಲ ಎಂದು ಲೈಸೆನ್ಸಿನವರಿಗೆ ಅವರೇ ಬರೆದುಕೊಟ್ಟಿದ್ದರು. ಮರುದಿನವೇ ಲೈಸೆನ್ಸ್ ತೆಗೆದುಕೊಂಡರು. ಅಷ್ಟಕ್ಕೇ ಸಮಾಧಾನವಾಗದೆ, ಪ್ರಿಂಟ್ ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗಾಡಿದರು.

ಶುಕ್ರವಾರ ಸೌತ್‌ಹಾಲ್‌ಗೆ ಹೋಗಿ ಮೊರದಷ್ಟು ಅಗಲದ ಒಂದು ಆಂಟೆನಾ ತಂದರು. ಅದನ್ನು ಟಿವಿಯ ಮೇಲಿಟ್ಟರು, ಫ್ರಿಜ್ಜಿನ ಮೇಲಿಟ್ಟರು, ದೇವರ ಗೂಡಿನ ಹತ್ತಿರ ಒಯ್ದು ಬೈಸಿಕೊಂಡರು. ಕೊನೆಗೆ ಕಿಟಕಿಯ ಪರದೆಯ ಸರಳಿಗೆ ಕಟ್ಟಿದಾಗ ಚಿತ್ರ ಕನ್ನಡಿಯಂತೆ ಮೂಡಿತು. ಶನಿವಾರ ಇಡೀ ದಿನ ಪರೀಕ್ಷಿಸಿದರು. ಏನೂ ತೊಂದರೆಯಿಲ್ಲ.

ಇನ್ನು ಉಳಿದದ್ದು ವಿದ್ಯಾಭ್ಯಾಸ. ಊಟದ ಬಿಡುವಿನಲ್ಲಿ ಫೋನಿನಲ್ಲಿ ಹಳೆಯ ಆಟದ ತುಣುಕುಗಳನ್ನು ನೋಡಿದರು. ತಲೆಗೆ ಕಿರೀಟದಂಥದ್ದು, ಹೆಗಲಿಗೆ ಭುಜಕೀರ್ತಿಯಂಥದ್ದು. ಉಡುಪಿಯವರಾದ ಉಮಾನಾಥರಿಗೆ ಯಕ್ಷಗಾನದ ವೇಷದಂತೆ ಕಂಡಿತು. ಆದರೆ ಇಲ್ಲಿ ಐದು ಸೆಕೆಂಡು ಕುಣಿತ, ಆಮೇಲೆ ಐದು ನಿಮಿಷ ಬರೀ ಮಾತಿನ ಅರ್ಥಗಾರಿಕೆ! ಯಾರು ಯಾರನ್ನು ಯಾಕೆ ಕೆಡವುತ್ತಾರೆಂಬುದು ಕೊನೆಗೂ ತಿಳಿಯಲಿಲ್ಲ. "ಈ ಸಲ ಡಿಫೆನ್ಸ್ ಸ್ವಲ್ಪ ವೀಕ್" ಎಂಬ ಒಂದು ವಾಕ್ಯ ಮಾತ್ರ ಬಾಯಿಪಾಠವಾಯಿತು.

ಭಾನುವಾರ ಐದೂಮುಕ್ಕಾಲಿಗೆ ಬೆಲ್ ಆದಾಗ ಉಮಾನಾಥರು ಎದ್ದ ರಭಸಕ್ಕೆ ಜೇಬಿನ ಲೈಸೆನ್ಸ್ ಕೈಗೆ ಬಂದಿತ್ತು. ಬಾಗಿಲು ತೆರೆದು, ಲೈಸೆನ್ಸ್ ತಪಾಸಣೆಯವರೇ ಬಂದರೆಂಬಂತೆ, ಅದನ್ನೇ ಡಾಕ್ಟರರ ಮುಂದೆ ಹಿಡಿದರು.

"ಏನ್ರೀ ಇದು?" ಡಾಕ್ಟರ್ ಆನಂದತೀರ್ಥರು ಕನ್ನಡಕ ಸರಿಮಾಡಿಕೊಂಡರು. ಸಣ್ಣ ಮೈಕಟ್ಟಿನ, ಮೆಲುಮಾತಿನ ಮನುಷ್ಯ.

"ಎಂತ ಇಲ್ಲ, ಬನ್ನಿ ಬನ್ನಿ," ಎಂದು ಪ್ರಫುಲ್ಲಾ ಹಿಂದಿನಿಂದ ಗಂಡನ ಅಂಗಿ ಜಗ್ಗಿದರು.

ಟಿವಿಯ ನೇರ ಎದುರಿಗಿದ್ದ ಒಳ್ಳೆಯ ಕುರ್ಚಿಯಲ್ಲಿ ಡಾಕ್ಟರರನ್ನು ಕೂರಿಸಿದ್ದಾಯಿತು. ಕಲ್ಯಾಣಿಯವರನ್ನು ಪ್ರಫುಲ್ಲಾ ಅಡುಗೆಮನೆಗೆ ಕರೆದರೆ, ಅವರು "ಆಮ್ಯಾಲೆ ಬರ್ತೀನ್ರೀ" ಎಂದು ಸೋಫಾದ ಮೇಲೆ ಪಟ್ಟಾಗಿ ಕೂತರು. ಆಟ ಶುರುವಾಯಿತು. ಉಮಾನಾಥರು ಗಂಟಲು ಸರಿಮಾಡಿಕೊಂಡು, "ಈ ಸಲ ಡಿಫೆನ್ಸ್ ಸ್ವಲ್ಪ ವೀಕ್ ಅಲ್ವಾ ಡಾಕ್ಟ್ರೇ?" ಎಂದರು.

ಡಾಕ್ಟರರು ಗಾಬರಿಯಾಗಿ ಹೆಂಡತಿಯ ಮುಖ ನೋಡಿದರು. "ಇರಬಹುದ್ರೀ," ಎಂದರು.

ಅಷ್ಟರಲ್ಲಿ ಮನೆಯ ಮೇಲೆ ಗುಡುಗಿನಂಥ ಸದ್ದು. ಹತ್ತಿರದ ಹೀಥ್ರೋ ನಿಲ್ದಾಣಕ್ಕೆ ಇಳಿಯುವ ವಿಮಾನ. ಟಿವಿಯ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಯಿತು. ಶನಿವಾರ ಗಾಳಿ ಬೇರೆ ದಿಕ್ಕಿಗಿತ್ತು, ವಿಮಾನಗಳು ಆ ಕಡೆಯಿಂದ ಇಳಿಯುತ್ತಿದ್ದವು. ಇಂದು ಎಲ್ಲವೂ ಇವರ ನೆತ್ತಿಯ ಮೇಲೆಯೇ, ಎರಡು ನಿಮಿಷಕ್ಕೊಂದರಂತೆ! ಉಮಾನಾಥರು ಓಡಿಹೋಗಿ ಎರಡೂ ಕೈ ಮೇಲೆತ್ತಿ ಆಂಟೆನಾ ಹಿಡಿದು ನಿಂತರು. ಚಿತ್ರ ಮತ್ತೆ ಬಂತು.

"ಅಯ್ಯ, ಇನ್ನೂ ಸ್ಕೋರ್ ಆಗಿಲ್ರೀ! ಟಚ್‌ಡೌನ್ ಅಂತ ರೆಫ್ರಿಗತೆ ಎರಡೂ ಕೈ ಯಾಕ ಎತ್ತೀರಿ?"

ಹೀಗೆ ಕೂಗಿದವರು ಡಾಕ್ಟರರಲ್ಲ, ಕಲ್ಯಾಣಿ. ಅವರು ಸೋಫಾದ ತುದಿಗೆ ಬಂದಿದ್ದರು. "ಹಿಡಿ ಅವನ್ನ! ಬಿಡಬ್ಯಾಡ! ಎಂಥಾ ದಡ್ಡ ಇದ್ದಾನ್ರೀ ಈ ರೆಫ್ರಿ!"

ಉಮಾನಾಥರು ಆಂಟೆನಾ ಹಿಡಿದೇ ತಿರುಗಿ ನೋಡಿದರು. ಕಲ್ಯಾಣಿಯವರಿಗೆ ಗಂಡನ ಜೊತೆ ನಾಲ್ಕು ವರ್ಷ ಅಮೇರಿಕದಲ್ಲಿದ್ದಾಗ ಹತ್ತಿದ ಹುಚ್ಚಂತೆ ಅದು. ಡಾಕ್ಟರರಿಗೆ ಆ ಆಟದ ಅಆಇಈ ಬಾರದು. ಏನೂ ತಿಳಿಯದ ಡಾಕ್ಟರರ ಎದುರಿಗಾದರೂ ಆ ಒಂದು ವಾಕ್ಯದಿಂದ ಬಚಾವಾಗಬಹುದಿತ್ತು, ಈಗ ಎದುರಿಗಿರುವುದು ಸಾಕ್ಷಾತ್ ಪಂಡಿತೆ!

"ನಿಮ್ಮ ಟೀಮ್ ಯಾವುದ್ರೀ ಬೀಗರೆ?"

ಉಮಾನಾಥರು ಇದನ್ನು ಯೋಚಿಸಿಯೇ ಇರಲಿಲ್ಲ. ಟಿವಿಯಲ್ಲಿ ಹಸಿರು ಅಂಗಿ, ಬಿಳಿ ಅಂಗಿ. "ಬಿಳಿ," ಎಂದರು.

ಕಲ್ಯಾಣಿಯವರ ಮುಖ ಕಲ್ಲಾಯಿತು. "ನಮ್ಮದು ಹಸಿರು," ಎಂದರು. ಆಮೇಲೆ ಒಂದು ಗಂಟೆ ಅವರು ಬೀಗರೆ ಅನ್ನಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಪ್ರಫುಲ್ಲಾ ಕಣ್ಣಲ್ಲೇ ಸುಟ್ಟರು. ಡಾಕ್ಟರರು ಮೆಲ್ಲಗೆ ಎದ್ದು ಆ ಕಡೆಗೇ ಹೋಗಿ, ಬಿಸಿಬಿಸಿ ಗೋಳಿಬಜೆಯ ಮುಂದೆ ಕೂತುಬಿಟ್ಟರು. ವಿಮಾನಗಳು ಬರುತ್ತಲೇ ಇದ್ದವು. ಕೂರುವುದು, ಏಳುವುದು, ಕೈ ಎತ್ತುವುದು. ಉಮಾನಾಥರ ತೋಳು ಸೋತಿತು, ಬೆವರಿಳಿಯಿತು. ಕುಳಿತಾಗಲಾದರೂ ಸುಮ್ಮನಿದ್ದರೆ ಅನುಮಾನ ಬಂದೀತೆಂದು ಆಗಾಗ ಚಪ್ಪಾಳೆ ತಟ್ಟಿದರು.

ಕೊನೆಯ ನಿಮಿಷ. ಚೆಂಡು ಗಾಳಿಯಲ್ಲಿ. ಕಲ್ಯಾಣಿ ಎದ್ದು ನಿಂತಿದ್ದಾರೆ. ಆಗಲೇ ಎಲ್ಲಕ್ಕಿಂತ ದೊಡ್ಡ ವಿಮಾನ ಬಂತು. ಉಮಾನಾಥರು ಕುರ್ಚಿ ಹತ್ತಿ ಆಂಟೆನಾವನ್ನು ಇನ್ನಷ್ಟು ಮೇಲೆತ್ತಿದರು, ಕುರ್ಚಿ ಅಲುಗಿತು, ಸರಳು, ಪರದೆ, ಆಂಟೆನಾ ಸಮೇತ ಅವರು ನೆಲಕ್ಕೆ ಬಂದರು. ಟಿವಿ ಕಪ್ಪಾಯಿತು.

ಪರದೆಯೊಳಗಿನಿಂದ ಧ್ವನಿ ಬಂತು. "ನನಗೆ ಈ ಆಟ ಗೊತ್ತೇ ಇಲ್ಲ, ಅಮ್ಮ. ಈ ಲೈಸೆನ್ಸ್ ತೆಗೆದು ಮೂರು ದಿನ ಆಯ್ತು ಅಷ್ಟೆ. ಮಗಳಿಗೆ ಇದೆಲ್ಲ ಗೊತ್ತಿಲ್ಲ. ಅವಳ ಮೇಲೆ ಬೇಜಾರು ಮಾಡ್ಕೊಳ್ಬೇಡಿ."

ಕಲ್ಯಾಣಿ ಬಾಗಿ ಪರದೆ ಸರಿಸಿದರು. ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ.

"ನನಗ ಆಗಲೇ ಗೊತ್ತಾತ್ರೀ. ಬಿಳಿಯವರು ಚೆಂಡು ಕಳಕೊಂಡಾಗೂ ಚಪ್ಪಾಳಿ ಹೊಡದ್ರಿ, ಹಸಿರಿನವರು ಕಳಕೊಂಡಾಗೂ ಹೊಡದ್ರಿ! ಇರ್ಲಿ. ಮಗಳ ಸಲುವಾಗಿ ಮೂರು ತಾಸು ಕೈ ಎತ್ತಿ ನಿಂತವರು ನೀವು. ನಮಗ ಈ ಮನೀ ಹುಡುಗೀನ ಬೇಕು. ಪ್ರಫುಲ್ಲಾ ಅವ್ರ, ಸಕ್ರಿ ತರ್ರಿ."

ಉಮಾನಾಥರಿಗೆ ವಾರದಲ್ಲಿ ಮೊದಲ ಬಾರಿ ಸರಿಯಾಗಿ ಉಸಿರು ಬಂತು.

"ಆದ್ರ ಬೀಗರಾದವರು ಆಟ ಕಲೀಬೇಕು," ಎಂದರು ಕಲ್ಯಾಣಿ, ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತ. "ನಮ್ಮನ್ಯಾಗ ಎಲ್ಲಾ ಚಾನೆಲ್ ಅವ. ಪ್ರತಿ ಐತವಾರ ಪಿನ್ನರ್‌ಗೆ ಬರ್ರಿ. ಒಂದೊಂದು ಸಂಜೀಗೆ ಎರಡೆರಡು ಮ್ಯಾಚ್ ಇರ್ತಾವ. ನಾ ಕಲಸ್ತೀನಿ."

ಬೇಡ ಎನ್ನಲು ಉಮಾನಾಥರು ಬಾಯಿ ತೆರೆದರು. ಹಿಂದಿನಿಂದ ಅಂಗಿ ಜಗ್ಗಿದಂತಾಗಿ ಮುಚ್ಚಿದರು.

ಹೊರಡುವಾಗ ಡಾಕ್ಟರ್ ಆನಂದತೀರ್ಥರು ಹೆಂಡತಿ ಕಾರು ಹತ್ತುವವರೆಗೆ ಕಾದು, ಉಮಾನಾಥರ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಹದಿನೈದು ವರ್ಷ ಆತ್ರೀ, ಆಕಿ ಬಾಜೂಕ ನಾ ಒಬ್ಬನೇ ಕೂತು," ಎಂದರು ಪಿಸುಮಾತಿನಲ್ಲಿ. "ಇನ್ನ ನೀವು ಬರ್ತೀರಿ. ನಾ ಮ್ಯಾಲೆ ಹೋಗಿ ಮಲಕೋತೀನಿ."