ಅರವತ್ತನಾಲ್ಕು ಅಕ್ಷರಗಳ ಬೆರಳಚ್ಚು

ವಯಸ್ಸಾದಂತೆ ಮನುಷ್ಯನಿಗೆ ಭಕ್ತಿ ಹೆಚ್ಚುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಹೆಚ್ಚುವುದು ತಿದ್ದುವ ಚಪಲ. ಮೂವತ್ತು ವರ್ಷ ಮಧುಗಿರಿಯಲ್ಲಿ ಸಂಸ್ಕೃತ ಕಲಿಸಿದವನು ನಾನು. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುತ್ತೇನೆ. ಈ ಚಪಲದಿಂದ ನಾನು ಕಳೆದುಕೊಂಡ ಒಂದು ವಸ್ತುವಿನ ಸಂಗತಿಯನ್ನು ಸಂಕೋಚದಿಂದಲೇ ನಿಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ನನ್ನ ಸೊಸೆ ಶೈಲಾ ಇಲ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಊರೂರಿನ ಭಜನೆಯ ಧ್ವನಿಮುದ್ರಣಗಳನ್ನು ಜೋಪಾನ ಮಾಡಲೆಂದು ಅವಳೂ ಅವಳ ಗೆಳತಿಯರೂ ಸೇರಿ ಒಂದು ಲೈಬ್ರರಿ ಬರೆದಿದ್ದಾರೆ. ಪುಸ್ತಕಗಳದ್ದಲ್ಲ, ಪ್ರೋಗ್ರಾಂ ಬರೆಯುವ ಯಾರು ಬೇಕಾದರೂ ಪುಕ್ಕಟೆಯಾಗಿ ಎತ್ತಿಕೊಂಡು ಬಳಸಬಹುದಾದ, ಬೇಕೆನಿಸಿದರೆ ತಿದ್ದಿ ಮರಳಿಸಬಹುದಾದ ಸಿದ್ಧ ತುಣುಕುಗಳ ಸಂಗ್ರಹ. ಇದು ಈ ಕಾಲದ ದಾಸೋಹವೆಂದು ನಾನು ಸಂತೋಷಪಟ್ಟೆ. ಅದನ್ನು ಪರೀಕ್ಷಿಸಲು ಮೊಟ್ಟಮೊದಲು ಸೇರಿಸಿದ್ದು ನನ್ನ ಧರ್ಮಪತ್ನಿ ಗೌರಮ್ಮನ ಮಂಗಳಾರತಿ ಹಾಡನ್ನು. ನಾನೇ ಫೋನಿನಲ್ಲಿ ಹಿಡಿದದ್ದು. ಹಾಡು ಮುಗಿದೊಡನೆ, ಅದೇ ಉಸಿರಿನಲ್ಲಿ, ಅವಳ ಮಾತೂ ಅದರಲ್ಲಿ ಸೇರಿಕೊಂಡಿತ್ತು: “ಕರ್ಪೂರ ಆರೋಗ್ತೈತೆ, ಆ ಫೋನು ಮಡಗ್ಬುಟ್ಟು ಗಂಟೆ ಹೊಡೀರಿ ಅಂದ್ರೆ ಇನ್ನೂ ನಿಂತೇ ಅವ್ರೆ ನೋಡು.”

ಎರಡು ವರ್ಷದ ಹಿಂದೆ ಅವಳು ಲಿಂಗೈಕ್ಯಳಾದಳು. ಶಿವಗಣಾರಾಧನೆಯ ದಿನ ಆ ಹಾಡನ್ನು ಬಂಧುಗಳಿಗೆ ಕೇಳಿಸಬೇಕೆಂದು ಬಯಸಿದೆ. ದೇವರ ಹಾಡಿನ ತುದಿಗೆ ಗಂಡನನ್ನು ಬೈದ ಮಾತು ಶೋಭಿಸದೆಂದು ಶೈಲಾಳಿಗೆ ಹೇಳಿ ಕತ್ತರಿಸಿಹಾಕಿಸಿದೆ. ಕತ್ತರಿಸಿದ ಪ್ರತಿ ಮೂಲವನ್ನು ಅಳಿಸಿ ಅದರ ಜಾಗದಲ್ಲೇ ಕೂತುಬಿಟ್ಟಿತು. ಮೂಲವಿದ್ದ ಫೋನನ್ನೋ, ನಾನು ಅದಕ್ಕೆ ಮೊದಲೇ ಅಂಗಡಿಯವನಿಗೆ ಕೊಟ್ಟು ಹೊಸದಕ್ಕೆ ಬದಲಾಯಿಸಿಕೊಂಡಿದ್ದೆ. ಈಗ ಹಾಡು ನಿರ್ದುಷ್ಟವಾಗಿದೆ. ಕೇಳಿದಾಗಲೆಲ್ಲ ಕೊನೆಯಲ್ಲಿ ಕಿವಿ ಏನನ್ನೋ ಕಾಯುತ್ತದೆ, ಅದು ಬರುವುದಿಲ್ಲ.

ಆ ಲೈಬ್ರರಿಯೊಳಗೆ ಹ್ಯಾಷ್ ಎಂಬ ಒಂದು ಲೆಕ್ಕ ಮೊದಲಿನಿಂದಲೂ ನಡೆಯುತ್ತಿತ್ತಂತೆ. ಯಾವ ಫೈಲನ್ನು ಕೊಟ್ಟರೂ, ಅದು ಒಂದು ಹಾಡಿರಲಿ, ಇಡೀ ಪುರಾಣವಿರಲಿ, ಅರವತ್ತನಾಲ್ಕು ಅಕ್ಷರ ಮತ್ತು ಅಂಕಿಗಳ, ಹೆಬ್ಬೆಟ್ಟಿನ ಗುರುತಿನಂಥ ಒಂದು ಬೆರಳಚ್ಚನ್ನು ಅದು ತೆಗೆದುಕೊಡುತ್ತದೆ. ಒಂದೇ ಫೈಲು ಎರಡು ಸಲ ಸೇರದಂತೆ ಕಾಯಲು ಇಟ್ಟದ್ದು. ಗರ್ಭಗುಡಿಯೊಳಗಿನ ಕೆಲಸದಂತೆ ಹೊರಗಿನವರ ಕೈಗೆ ಸಿಗುತ್ತಿರಲಿಲ್ಲ. ನಮ್ಮ ಪ್ರೋಗ್ರಾಮುಗಳಿಗೂ ಅದು ಬೇಕು, ಬಾಗಿಲು ತೆರೆಯಿರಿ ಎಂದು ಬಳಸುವವರು ಬರೆದರಂತೆ. ಈ ಬೇಸಿಗೆಯಲ್ಲಿ ಶೈಲಾ ತೆರೆದಳು. ಸರಿಯಾಗಿ ನಡೆಯುವುದೇ ಎಂದು ನೋಡುವಾಗ, ಹಿಂದೆ ಸೇರಿದ ಫೈಲುಗಳ ಬೆರಳಚ್ಚುಗಳ ಹಳೆಯ ಪಟ್ಟಿಯ ಮೊದಲ ಸಾಲಿನಲ್ಲಿ ಕತ್ತರಿಸದ ಹಾಡಿನದು ಹಾಗೆಯೇ ಉಳಿದಿರುವುದು ಕಂಡಿತು.

ಇದರಿಂದ ಧ್ವನಿಯನ್ನು ಮರಳಿ ಪಡೆಯಬಹುದೇ ಎಂದು ಕೇಳಿದೆ. ವಿಭೂತಿಯಿಂದ ಸಗಣಿಯನ್ನು ಮರಳಿ ಪಡೆಯಲಾದೀತೇ ಎಂದು ಅವಳು ನನ್ನ ಭಾಷೆಯಲ್ಲೇ ತಿಳಿಹೇಳಿದಳು. ಯಾರ ಬಳಿಯಾದರೂ ಮೂಲದ ಪ್ರತಿಯಿದ್ದರೆ ಇದು ಗುರುತು ಹಿಡಿಯುತ್ತದೆ, ಅಷ್ಟೇ. ಯಾರ ಬಳಿಯೂ ಇರಲಿಲ್ಲ. ಬೈಗುಳವಿದ್ದ ಪ್ರತಿಯನ್ನು ಯಾರಿಗೂ ಕಳಿಸದಷ್ಟು ಮರ್ಯಾದಸ್ಥ ನಾನು. ಆದರೂ ಆ ಅರವತ್ತನಾಲ್ಕನ್ನು ಪೂಜೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ನಾಲ್ಕು ದಿನದಲ್ಲಿ ಬಾಯಿಪಾಠವಾಯಿತು. ಸ್ನಾನ ಮಾಡಿ ಬರುತ್ತಾ ‘ಏಳು, ಎಫ್, ಮೂರು, ಬಿ’ ಎಂದು ಗುನುಗುವುದನ್ನು ಕೇಳಿದ ಪಕ್ಕದ ಮನೆಯ ಹಿರಿಯರು ಇದು ಯಾವ ಆಗಮದ ಮಂತ್ರವೆಂದು ವಿನಯದಿಂದ ವಿಚಾರಿಸಿದರು.

ಬಾಯಿಪಾಠದಲ್ಲಿ ಬೆಳೆದವರಿಗೆ ಒಂದು ನಂಬಿಕೆ ಇರುತ್ತದೆ. ಗುರುಗಳು ಹೇಳಿದ ಶ್ಲೋಕವನ್ನು ಅಕ್ಷರ ತಪ್ಪದೆ, ಸ್ವರ ತಪ್ಪದೆ ನಾನು ಹೇಳಿದರೆ ಅದು ಅದೇ ಶ್ಲೋಕ. ಹಾಗಾದರೆ ಗೌರಮ್ಮನ ಹಾಡನ್ನೂ ಮಾತನ್ನೂ ತಪ್ಪದೆ ಒಪ್ಪಿಸಬಲ್ಲವರು ಸಿಕ್ಕರೆ ಬೆರಳಚ್ಚು ಕೂಡಲೇಬೇಕಲ್ಲವೇ? ತಾವರೆಕೆರೆಯ ಸಾಕಮ್ಮ ನೆನಪಾದಳು. ಇಪ್ಪತ್ತು ವರ್ಷ ಭಜನೆಯಲ್ಲಿ ಗೌರಮ್ಮನ ಪಕ್ಕದಲ್ಲಿ ಕೂತು ಹಾಡಿದವಳು. ಶಿರಾದಲ್ಲಿ ಬಸ್ಸು ಬದಲಾಯಿಸಿ ಹೋದೆ. ಬಂದ ಕಾರಣ ಕೇಳಿ ಸಾಕಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು.

“ಬೈಸ್ಕಳಕ್ಕೆ ಬಸ್ ಚಾರ್ಜ್ ಕೊಟ್ಕಂಡ್ ಬಂದವ್ರಲ್ಲ ನಮ್ ಐನೋರು. ಗೌರಕ್ಕ ಮನೇಲೇ ಬಿಟ್ಟಿ ಬೈಯೋಳು, ಆಗ ಕೇಳುಸ್ಕಳಕ್ಕೆ ಏನಾಗಿತ್ತು?”

ಆಡಬೇಕಾದ ಮಾತನ್ನು ಹೇಳಿಕೊಟ್ಟು ಫೋನನ್ನು ಮುಂದೆ ಹಿಡಿದೆ. ಅವಳು ಹಾಡಿದಳು. ಆಮೇಲೆ ಕಣ್ಣು ದೊಡ್ಡದು ಮಾಡಿ ಬೈದಳು. ಆ ‘ಮಡಗ್ಬುಟ್ಟು’ ಎಂಬಲ್ಲಿಯ ಗದರಿಕೆ ಎಷ್ಟು ಸರಿಯಾಗಿತ್ತೆಂದರೆ ನಾನು ನಿಜವಾಗಿಯೂ ಫೋನನ್ನು ಕೆಳಗಿಟ್ಟೆ.

ಶೈಲಾ ಅದರ ಬೆರಳಚ್ಚು ತೆಗೆದು ನನ್ನ ಪುಸ್ತಕದ ಪಕ್ಕದಲ್ಲಿ ಹಿಡಿದಳು. ಎರಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ಪದ ತಪ್ಪಿಲ್ಲ, ಸ್ವರ ತಪ್ಪಿಲ್ಲ, ನಿಮ್ಮ ಲೆಕ್ಕವೇ ತಪ್ಪಿರಬೇಕು ಎಂದು ವಾದಿಸಿದೆ. ಅವಳು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು.

“ಮಾವ, ಅತ್ತೆನೇ ಎದ್ದು ಬಂದು ಇನ್ನೊಂದ್ಸಲ ಅದೇ ಮಾತು ಅಂದ್ರೂ ಇದು ಕೂಡಲ್ಲ. ಒಂದ್ಸಲ ಅಂದಿದ್ದು ಒಂದೇ ಸಲ.”

ದೇವರ ಮನೆಗೆ ಹೋಗಿ ಕುಳಿತೆ. ನಲವತ್ತೊಂದು ವರ್ಷ, ಬೆಳಗಿನ ಪೂಜೆಯಲ್ಲಿ, ಕರ್ಪೂರ ಆರುತ್ತದೆ ಎಂದು ಅವಳು ನನ್ನನ್ನು ಎಚ್ಚರಿಸಿದಳು. ಶೈಲಾಳ ಲೆಕ್ಕದಂತೆ ಒಂದು ದಿನದ್ದು ಇನ್ನೊಂದು ದಿನದ್ದಲ್ಲ. ಎಲ್ಲವೂ ಹೊಸ ಮಾತುಗಳು, ಎಲ್ಲಕ್ಕೂ ನಾನೊಬ್ಬನೇ ಶ್ರೋತೃ. ನನ್ನ ಉತ್ತರ ಮಾತ್ರ, ಯಾವ ಯಂತ್ರ ಏನೇ ಹೇಳಲಿ, ಅಷ್ಟೂ ಬೆಳಗುಗಳಲ್ಲಿ ಒಂದೇ ಆಗಿತ್ತು: “ಗೊತ್ತು, ಸುಮ್ನಿರೆ.”