ಅತ್ತೆಯ ಕೈಯಲ್ಲಿ ಮಠದ ಕೀಲಿ

ನಮ್ಮ ಅತ್ತೆಯ ಬಾಯಿಗೆ ಬಿದ್ದ ಇತಿಹಾಸ ಮತ್ತೆ ತನ್ನ ಸ್ವಂತ ಕಾಲ ಮೇಲೆ ಎದ್ದು ನಿಂತದ್ದಿಲ್ಲ! ಅಣ್ಣಿಗೇರಿ ಸೀಮೆಯ ನಮ್ಮೂರಲ್ಲಿ ಒಂದು ಹಳೇ ಚರ್ಚು. ಅದರ ಬೆನ್ನಿಗೆ, ಕ್ರೈಸ್ತ ಸನ್ಯಾಸಿಗಳು ಎಂದೋ ಬಿಟ್ಟುಹೋದ ಮಠ. ಎರಡರ ಕೀಲಿಯೂ ಅಪ್ಪನ ಅಕ್ಕನಾದ ಈಕೆಯ ಸೊಂಟದಲ್ಲಿ. ಯಾರು ಕೊಟ್ಟರು? ಯಾರೂ ಕೊಟ್ಟಿಲ್ಲ. ಕೇಳುವ ಧೈರ್ಯ ಯಾರಿಗಿದೆ?

ಗೋವಾದವರು ನೋಡಲು ಬಂದರೆ ಅತ್ತೆ, "ಕಟ್ಟಿಸಿದವ್ರು ನಿಮ್ಮ ಕಡ್ಯಾವ್ರರಿ!" ಮರುವಾರ ನವಲಗುಂದದ ಮೇಷ್ಟ್ರಿಗೆ ಅದೇ ಗೋಡೆ ತೋರಿಸಿ, "ನಿಮ್ಮೂರ ಗೌಂಡ್ಯಾರು ಕಟ್ಟಿದ್ದು. ಅದಕ್ಕ ಇನ್ನೂ ಬಿದ್ದಿಲ್ಲ ನೋಡ್ರಿ!"

ಮಠದ ಬಾವಿಯಿಂದ ಗದಗಿನ ತನಕ ಸುರಂಗವಿದೆ ಎಂದದ್ದಕ್ಕೆ ಒಬ್ಬ ಬಗ್ಗಿ ನೋಡಿದ.

"ಬರೇ ನೀರ ಐತೆಲ್ರಿ?"

"ಸುರಂಗ ಕಾಣಬಾರ್ದಂತನ ನೀರ ಬಿಟ್ಟಾರ!"

"ಅತ್ತಿ, ದೇವ್ರ ಬಾಗಲಾಗ ನಿಂತು ಸುಳ್ಳ ಹೇಳ್ತಿಯಲ್ಲ?" ಎಂದೆ.

"ಲೇ, ದೂರದಿಂದ ಬಂದವ್ರನ್ನ ಖಾಲಿ ಕೈಲೆ ಕಳಸಬೇಕೇನು?"

ಇಂಥ ಭವ್ಯ ಇತಿಹಾಸದ ಮಠವನ್ನು ಕೆಡವಿ ಮಂಗಲ ಕಾರ್ಯಾಲಯ ಕಟ್ಟುವುದೆಂದು ಚರ್ಚಿನ ಕಮಿಟಿಗೆ ಹೊಳೆಯಿತು. 'ಪರಂಪರಾ ಭವನ' ಎಂಬ ಹೆಸರೂ ನಿಶ್ಚಯವಾಯಿತು! ಗೋಡೆ ಪರೀಕ್ಷಿಸಲು ಹುಬ್ಬಳ್ಳಿಯಿಂದ ಎಂಜಿನಿಯರ್ ಬಂದ. "ಈಕಿ ಮಾತ ಕಿವ್ಯಾಗ ಹಾಕ್ಕೋಬ್ಯಾಡ್ರಿ," ಎಂದು ಕಮಿಟಿ ಅಧ್ಯಕ್ಷರು ಮೊದಲೇ ಎಚ್ಚರಿಸಿದ್ದರು.

ಎಂಜಿನಿಯರ್ ನಕ್ಕ. "ಅಮ್ಮಾರ, ಖರೇ ಹೇಳ್ರಿ. ಇಲ್ಲಿ ಏನಾರ ನಡದೈತೇನು?"

ಸುರಂಗ ಬಂತೆಂದು ನಾನು ತಲೆ ತಗ್ಗಿಸಿದೆ. ಬರಲಿಲ್ಲ. ಅತ್ತೆ ಮಠದ ಅಡುಗೆಮನೆಗೆ ನಡೆದು, ಮಸಿ ಹಿಡಿದ ಗೋಡೆಯ ಮೇಲೆ ಕೈಯಿಟ್ಟಳು.

"ಸಂತಿಯಿಂದ ಬರೂವಾಗ ನಮ್ಮವ್ವಗ ದಾರ್ಯಾಗ ಬ್ಯಾನಿ ಸುರು ಆದ್ವಂತ್ರಿ. ಹೆಂಗಸ್ರು ಮಠದ ಹೊಸ್ತಿಲ ದಾಟಬಾರ್ದು ಅನ್ನೂದು ಸ್ವಾಮಿಗಳ ಕಟ್ಟಳಿ. ಆದ್ರ ಹಿರೇ ಸ್ವಾಮಿ ತಾವ ಬಂದು ಬಾಗಲ ತಗದ್ರಂತ. ನಾ ಇಲ್ಲೇ ಹುಟ್ಟಿದ್ನಿರಿ, ಈ ಒಲಿ ಬಾಜೂಕ."

ಎಂಜಿನಿಯರ್ ಬಹಳ ಹೊತ್ತು ಗೋಡೆ ಬಡಿದು ನೋಡಿ, "ಅಗದಿ ಗಟ್ಟಿ ಅದಾವ್ರಿ. ಮ್ಯಾಲಿನ ಮಾಳಗಿ ಅಷ್ಟ ರಿಪೇರಿ ಮಾಡಸ್ರಿ," ಎಂದ. ಭವನದ ಮಾತು ಅಲ್ಲಿಗೆ ನಿಂತಿತು.

ಎಲ್ಲರೂ ಹೋದ ಮೇಲೆ ಕೇಳಿದೆ: "ಇಷ್ಟ ದಿನ ಇದನ್ನ ಯಾಕ ಹೇಳಲಿಲ್ಲ, ಅತ್ತಿ?"

ಅತ್ತೆ ಒಲೆಯ ಬೂದಿಯನ್ನೇ ನೋಡುತ್ತಿದ್ದಳು. "ಹೇಳಿದ್ರ ಪೂರಾ ಹೇಳಬೇಕಾಗ್ತಿತ್ತಲ್ಲ. ಒಲಿ ಮುಂದ ನಾನು, ನಮ್ಮವ್ವ ಮಲಗಿದ್ವಿ, ಒಲಿ ಹಚ್ಚಾಕ ಆಗದ ಅವತ್ತ ಸ್ವಾಮಿಗಳೆಲ್ಲಾ ಉಪಾಸ. ಹುಟ್ಟಿದ್ದು ಹೆಣ್ಣಂತ ಕೇಳಿ ನಮ್ಮಪ್ಪ ಮಾರಿ ತಿರುವಿದ್ನಂತ. ಉಪಾಸ ಇದ್ದ ಸ್ವಾಮಿಗಳು ಹೋಗಿ ಚರ್ಚಿನ ಗಂಟಿ ಬಾರಿಸಿದ್ರಂತ, ಲೇ. ನನ್ನ ಸಲುವಾಗಿ."